ಗುರುತು ಬೇರೆ, ಓದು ಬೇರೆ

(ನಮ್ಮ ಬ್ಲಾಕಿನ ಹಳ್ಳಿಯೊಂದರಲ್ಲಿ ಸುಗ್ಗಿಯ ನಂತರ ಸೇರಿದ್ದ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ. ಬೇರೆ ಹಳ್ಳಿಗಳವರಿಗೂ ಉಪಯೋಗವಾಗಲೆಂದು ಇಲ್ಲಿ ಕೊಡಲಾಗಿದೆ.)



ಗ್ರಾಮಸೇವಕನೆಂದರೆ ಬೀಜ, ಗೊಬ್ಬರ, ಔಷಧಿಗಳ ವಿಚಾರ ಹೇಳುವವನೆಂದು ನೀವು ಬಲ್ಲಿರಿ. ಇಂದು ನಾನು ಅಕ್ಷರದ ವಿಚಾರ ಮಾತನಾಡಲು ನಿಂತಿದ್ದೇನೆ. "ಇವನಿಗೇಕೆ ಮೇಷ್ಟರ ಕೆಲಸ?" ಎಂದು ಕೆಲವರಿಗೆ ತೋರಬಹುದು. ನನ್ನಿಂದಲೇ ಆದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಅದನ್ನು ಕೇಳಿದ ಮೇಲೆ ಈ ವಿಷಯವನ್ನು ಏಕೆ ಆರಿಸಿಕೊಂಡೆನೆಂಬುದು ನಿಮಗೇ ತಿಳಿಯುತ್ತದೆ.

ಎರಡು ವರ್ಷದ ಹಿಂದಿನ ಮಾತು. ನಾನು ತಿರುಗಾಡುವ ಹಳ್ಳಿಯೊಂದರ ಹಿರಿಯ ರೈತರು ತಮ್ಮ ಹತ್ತಿಗೆ ಹೇನು ಬಿದ್ದಿದೆಯೆಂದು ಬಂದರು. ಹೊಡೆಯಬೇಕಾದ ಔಷಧಿಯ ಹೆಸರು ಉದ್ದವಾಗಿತ್ತು. ಅದನ್ನು ಹೇಳಿ ಅವರನ್ನು ತೊಡಕಿಗೆ ಸಿಕ್ಕಿಸುವುದೇಕೆಂದು ನಾನು, "ಯಜಮಾನರೆ, ನೀಲಿ ಮುಚ್ಚಳದ ಬಾಟಲಿ ಕೊಡುತ್ತಾರೆ. ಅದನ್ನು ಹೊಡೆಯಿರಿ" ಎಂದೆ. ಅವರು ಹಾಗೆಯೇ ಮಾಡಿದರು, ಹೇನು ಹೋಯಿತು. ನಾನು ಹೇಳಿಕೊಟ್ಟ ರೀತಿ ಸುಲಭವಾಯಿತೆಂದು ನನಗೂ ಸಂತೋಷವಾಯಿತು.

ಅದೇ ಯಜಮಾನರಿಗೆ ಪಕ್ಕದಲ್ಲಿಯೇ ಒಂದು ತುಂಡು ಮುಸುಕಿನ ಜೋಳವಿತ್ತು. ಅದರಲ್ಲಿ ಕಳೆ ಎದ್ದಾಗ 2,4-ಡಿ ಎಂಬ ಕಳೆಯ ಔಷಧಿ ತಂದರು. ಅದರ ಮುಚ್ಚಳವೂ ನೀಲಿ. ಜೋಳಕ್ಕೆ ಹೊಡೆದು ಮಿಕ್ಕಿದ್ದನ್ನು ಅಟ್ಟದ ಮೇಲಿಟ್ಟರು. ಕೆಲವು ದಿನಗಳ ಮೇಲೆ ಹತ್ತಿಗೆ ಮತ್ತೆ ಹೇನು ಕಂಡಿತು. ಅವರು ಅಟ್ಟಕ್ಕೆ ಕೈಹಾಕಿ ನೀಲಿ ಮುಚ್ಚಳದ ಬಾಟಲಿ ತೆಗೆದರು. ಮುಂದಿನದನ್ನು ನೀವೇ ಊಹಿಸಬಲ್ಲಿರಿ. ಆ ಔಷಧಿ ಅಗಲ ಎಲೆಯ ಗಿಡಗಳನ್ನು ಕೊಲ್ಲತಕ್ಕದ್ದು. ಹತ್ತಿಯೂ ಅಗಲ ಎಲೆಯ ಗಿಡವೇ. ಹೊಸ ಚಿಗುರೆಲ್ಲ ಕೋಳಿಯ ಕಾಲ್ಬೆರಳಿನಂತೆ ಸಪೂರವಾಗಿ ಸುರುಟಿಕೊಂಡಿತು. ಆ ವರ್ಷ ಒಂದು ಎಕರೆ ಹತ್ತಿ ಅವರ ಕೈಗೆ ಬರಲಿಲ್ಲ.

ನಾನು ಹೊಲಕ್ಕೆ ಹೋದಾಗ ಅವರು ನನ್ನನ್ನು ಬೈಯಲಿಲ್ಲ. ಬಾಟಲಿಯನ್ನು ನನ್ನ ಕೈಗಿತ್ತು, "ಓದಿಯೇ ಹೊಡೆದೆ ಸ್ವಾಮಿ. ಮೊದಲು ‘ಕ’ ಕಂಡಿತು, ಕೊನೆಗೆ ‘ನಾಶಕ’ ಕಂಡಿತು. ನೀವು ಹೇಳಿದ್ದೇ ಅಂದುಕೊಂಡೆ" ಎಂದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಈ ಕರಿಹಲಗೆಯ ಮೇಲೆ ಎರಡು ಮಾತು ಬರೆದಿದ್ದೇನೆ, ನೋಡಿ.

ಕೀಟನಾಶಕ
ಕಳೆನಾಶಕ

ಎರಡರಲ್ಲಿಯೂ ಐದೈದು ಅಕ್ಷರ. ಎರಡೂ ‘ಕ’ಕಾರದಿಂದಲೇ ಮೊದಲಾಗುತ್ತವೆ. ಕೊನೆಯ ಮೂರು ಅಕ್ಷರ ಒಂದೇ. ದೂರದಿಂದ ನೋಡಿದರೆ ಅವಳಿ ಮಕ್ಕಳಂತೆ ಕಾಣುತ್ತವೆ. ಒಂದು ಬೆಳೆಯನ್ನು ಉಳಿಸುತ್ತದೆ, ಇನ್ನೊಂದು ಅದೇ ಬೆಳೆಯನ್ನು ಸುಡಬಹುದು. ವ್ಯತ್ಯಾಸವೆಲ್ಲ ಮೊದಲಿನ ಎರಡು ಅಕ್ಷರಗಳಲ್ಲಿದೆ. ಆ ಯಜಮಾನರು ಮಾತಿನ ಆಕಾರವನ್ನು ಗುರುತಿಸಿದರು, ಅಕ್ಷರಗಳನ್ನು ಓದಲಿಲ್ಲ. ಹಾಗೆ ಗುರುತಿನಿಂದ ನಡೆಯುವುದನ್ನು ಅವರಿಗೆ ಕಲಿಸಿದವನು ನಾನು. ಆದುದರಿಂದ ಆ ತಪ್ಪು ನನ್ನದು.

ಗುರುತು ಹಿಡಿಯುವುದರಲ್ಲಿ ನಾವು ರೈತರು ಯಾರಿಗೂ ಕಡಮೆಯಲ್ಲ. ನೂರು ದನಗಳ ನಡುವೆ ನಮ್ಮ ದನ ಯಾವುದೆಂದು ಹೇಳುತ್ತೇವೆ. ಕತ್ತಲಲ್ಲಿ ನಡಿಗೆಯ ಸಪ್ಪಳ ಕೇಳಿ ಬಂದವರು ಯಾರೆಂದು ತಿಳಿಯುತ್ತೇವೆ. ಆದರೆ ಗುರುತಿಗೆ ಒಂದು ಮಿತಿಯುಂಟು. ಮೊದಲು ಕಂಡದ್ದನ್ನು ಮಾತ್ರ ಅದು ತೋರಿಸಿಕೊಡುತ್ತದೆ. ಹೊಸದು ಎದುರಾದಾಗ ಸುಮ್ಮನಾಗುತ್ತದೆ, ಇಲ್ಲವೆ ದಾರಿ ತಪ್ಪಿಸುತ್ತದೆ.

ಔಷಧಿಯ ಚೀಟಿಯ ಮೇಲಿನ ಬಣ್ಣದ ತ್ರಿಕೋನವನ್ನೇ ತೆಗೆದುಕೊಳ್ಳಿ. 1971ರ ಕೀಟನಾಶಕ ನಿಯಮಗಳಂತೆ ಕೆಂಪು, ಹಳದಿ, ನೀಲಿ, ಹಸಿರು ಎಂದು ನಾಲ್ಕು ಬಣ್ಣಗಳನ್ನು ಹಾಕುತ್ತಾರೆ. ಕೆಂಪು ಎಲ್ಲಕ್ಕಿಂತ ಘೋರವಾದ ವಿಷ, ಹಸಿರು ಎಲ್ಲಕ್ಕಿಂತ ಸೌಮ್ಯ. ಇದು ಒಳ್ಳೆಯ ಏರ್ಪಾಡು. ಓದು ಬಾರದವರಿಗೂ ಎಚ್ಚರಿಕೆ ಕೊಡುತ್ತದೆ. ಆದರೆ ಆ ಬಣ್ಣ ಹೇಳುವುದು ಮನುಷ್ಯನಿಗೆ ಎಷ್ಟು ಅಪಾಯವೆಂಬುದನ್ನು ಮಾತ್ರ. ಔಷಧಿ ಹುಳುವನ್ನು ಕೊಲ್ಲುತ್ತದೆಯೋ, ಕಳೆಯನ್ನು ಕೊಲ್ಲುತ್ತದೆಯೋ, ಯಾವ ಬೆಳೆಗೆ ಎಷ್ಟು ಹಾಕಬೇಕೋ, ಅದನ್ನು ಬಣ್ಣ ಹೇಳಲಾರದು. ಮುಚ್ಚಳವಂತೂ ಏನನ್ನೂ ಹೇಳುವುದಿಲ್ಲ. ಹೇಳುವುದು ಅಕ್ಷರ.

ಇನ್ನೊಂದು ಉದಾಹರಣೆ. ನಮ್ಮಲ್ಲಿ ಅನೇಕ ತಾಯಂದಿರು ಹೆಬ್ಬೆಟ್ಟು ಬಿಟ್ಟು ರುಜು ಹಾಕುತ್ತಾರೆ. ಇದು ಮೆಚ್ಚತಕ್ಕ ವಿಷಯ. ಆದರೆ ಒಬ್ಬ ತಾಯಿಯನ್ನು ನಾನು ಕೇಳಿದೆ, "ಅಮ್ಮಾ, ನಿಮ್ಮ ಹೆಸರಿನ ಮೊದಲ ಅಕ್ಷರ ‘ಗ’. ಈ ಪುಸ್ತಕದಲ್ಲಿ ‘ಗ’ ಎಲ್ಲಿದೆ, ತೋರಿಸಿ." ಅವರು ನಕ್ಕು, "ಅದೆಲ್ಲ ಗೊತ್ತಿಲ್ಲ ಕಣಪ್ಪ, ನನ್ನ ಹೆಸರು ಹಾಕೋದು ಮಾತ್ರ ಗೊತ್ತು" ಎಂದರು. ರಂಗೋಲಿ ಬಿಡಿಸುವಂತೆ ಅವರು ಹೆಸರನ್ನು ಬಿಡಿಸುತ್ತಿದ್ದರು. ಕೈ ಕಲಿತಿತ್ತು, ಕಣ್ಣು ಕಲಿತಿರಲಿಲ್ಲ. ಯಾವ ಕಾಗದದ ಕೆಳಗೆ ಆ ರಂಗೋಲಿ ಬಿಡಿಸುತ್ತಿದ್ದೇವೆಂಬುದು ತಿಳಿಯದಿದ್ದರೆ ರುಜುವಿಗೂ ಹೆಬ್ಬೆಟ್ಟಿಗೂ ಹೆಚ್ಚು ಅಂತರವಿಲ್ಲ. ಜನಗಣತಿಯವರೂ ಅರ್ಥ ತಿಳಿದು ಓದಿ ಬರೆಯಬಲ್ಲವರನ್ನು ಮಾತ್ರ ಅಕ್ಷರಸ್ಥರೆಂದು ಲೆಕ್ಕ ಹಿಡಿಯುತ್ತಾರೆ. 2011ರ ಗಣತಿಯಂತೆ ನಮ್ಮ ರಾಜ್ಯದಲ್ಲಿ ಏಳು ವರ್ಷ ಮೇಲ್ಪಟ್ಟವರಲ್ಲಿ 100ಕ್ಕೆ 75 ಮಂದಿ ಅಕ್ಷರಸ್ಥರಿದ್ದರು, ಹೆಂಗಸರಲ್ಲಿ 68. ಉಳಿದವರು ನಮ್ಮ ನಿಮ್ಮ ಮನೆಗಳವರೇ ಅಲ್ಲವೆ?

ಹಾಗಾದರೆ ಓದುವುದೆಂದರೇನು? ಬರೆದ ಗೆರೆಯಿಂದ ನುಡಿಯ ಸದ್ದನ್ನು ಎಬ್ಬಿಸುವುದು, ಆ ಸದ್ದಿನಿಂದ ಅರ್ಥವನ್ನು ಹಿಡಿಯುವುದು. ನುಡಿಯೂ ಅರ್ಥವೂ ನಿಮ್ಮಲ್ಲಿ ಆಗಲೇ ಇವೆ. ಐವತ್ತು ವರ್ಷ ಕನ್ನಡ ಮಾತನಾಡಿದವರಿಗೆ ಕನ್ನಡ ಕಲಿಸಬೇಕಾಗಿಲ್ಲ. ಯಾವ ಗೆರೆಗೆ ಯಾವ ಸದ್ದು ಎಂಬ ಒಂದು ಕೊಂಡಿಯನ್ನು ಹಾಕಬೇಕಾಗಿದೆ, ಅಷ್ಟೆ. ಹೊಲ ಹದವಾಗಿದೆ, ಬಿತ್ತುವುದೊಂದು ಉಳಿದಿದೆ.

ಆ ಕೊಂಡಿಯ ಬೆಲೆ ನೋಡಿ. ಶಾಲೆಯ ಮೊದಲ ಪಾಠಗಳಲ್ಲಿ ಮಕ್ಕಳಿಗೆ ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು ಕಲಿಸುವ ರೂಢಿಯುಂಟು. ಈ ಐದೇ ಅಕ್ಷರಗಳಿಂದ ಅರಸ, ಅಗಸ, ರಸ, ಸರ, ದರ, ದಸರ, ಗರಗಸ ಎಂದು ಏಳು ಮಾತುಗಳಾದುವು. ಒಂದೊಂದು ಮಾತನ್ನೂ ಚಿತ್ರದಂತೆ ಕಲಿತಿದ್ದರೆ ಏಳು ಚಿತ್ರ ಕಲಿಯಬೇಕಾಗುತ್ತಿತ್ತು. ಎಂಟನೆಯ ಮಾತು ಬಂದಾಗ ಮತ್ತೊಬ್ಬರನ್ನು ಕೇಳಬೇಕಾಗುತ್ತಿತ್ತು. ಅಕ್ಷರ ಕಲಿತವನಿಗೆ ಎಂಟನೆಯದು ತಾನಾಗಿಯೇ ಬರುತ್ತದೆ. ‘ದರ’ ಎಂಬ ಮಾತನ್ನು ನೋಡಿ. ಎರಡೇ ಅಕ್ಷರ, ಆದರೆ ಮಾರುಕಟ್ಟೆಯ ಹಲಗೆಯ ಮೇಲೆ ಅದೇ ಮುಖ್ಯ.

ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ: 13 ಸ್ವರ, 2 ಯೋಗವಾಹ, 34 ವ್ಯಂಜನ. ಕನ್ನಡಕ್ಕೆ ಒಂದು ದೊಡ್ಡ ಗುಣವಿದೆ. ಬಹುಮಟ್ಟಿಗೆ ಬರೆದಂತೆಯೇ ಓದುತ್ತೇವೆ. ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಒಂದು ಕಡೆ ಒಂದು ಸದ್ದು, ಇನ್ನೊಂದು ಕಡೆ ಬೇರೆ ಸದ್ದು ಕೊಡುತ್ತದೆ. ನಮಗೆ ಆ ಕಾಟವಿಲ್ಲ.

ಹಾಗೆಂದು ಕಷ್ಟವೇ ಇಲ್ಲವೆಂದು ನಾನು ಹೇಳಲಾರೆ. ಕಷ್ಟ ಎಲ್ಲಿದೆಯೆಂದು ಮೊದಲೇ ತಿಳಿದರೆ ಎದೆಗುಂದುವುದು ತಪ್ಪುತ್ತದೆ. ಮೊದಲನೆಯದು ಗುಣಿತ. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ 442 ರೂಪಗಳಾಗುತ್ತವೆ. ತಲೆಯ ಮೇಲಿನ ಒಂದು ಸಣ್ಣ ಕೊಂಕು, ಬಲಗಡೆಯ ಒಂದು ದೀರ್ಘ, ಇಷ್ಟರಿಂದ ಮಾತೇ ಬದಲಾಗುತ್ತದೆ. ಬೆಳೆ, ಬೆಲೆ, ಬೇಳೆ, ಬೇಲಿ, ಬಿಳಿ: ಐದೂ ನಮ್ಮ ದಿನಬಳಕೆಯ ಮಾತುಗಳು, ಆತುರದ ಕಣ್ಣಿಗೆ ಐದೂ ಒಂದೇ. ಎರಡನೆಯದು ಒತ್ತಕ್ಷರ. ಅಕ್ಕಿ, ಭತ್ತ, ಹತ್ತಿ, ಗೊಬ್ಬರ, ಎಣ್ಣೆ, ಬೆಲ್ಲ: ರೈತನ ಮಾತುಗಳಲ್ಲಿ ಒತ್ತಿಲ್ಲದವು ಎಷ್ಟಿವೆ? ಮೂರನೆಯದು ಅರ್ಕಾವತ್ತು. ‘ಅರ್ಜಿ’ ಎಂಬಲ್ಲಿ ‘ರ್’ ಸದ್ದನ್ನು ‘ಜಿ’ಗೆ ಮೊದಲು ನುಡಿಯುತ್ತೇವೆ, ಅದರ ಗೆರೆಯನ್ನು ‘ಜಿ’ಯ ನಂತರ ಬರೆಯುತ್ತೇವೆ. ಖರ್ಚು, ವರ್ಷ, ಅರ್ಧ ಎಲ್ಲದರಲ್ಲಿಯೂ ಹೀಗೆಯೇ. ಹೊಸದಾಗಿ ಕಲಿಯುವವರು ಇಲ್ಲಿ ಮುಗ್ಗರಿಸಿದರೆ ಅದು ದಡ್ಡತನವಲ್ಲ. ನಾಲ್ಕನೆಯದು ನಮ್ಮ ಆಡುಮಾತು. ನಮ್ಮ ಕಡೆ ‘ಹ’ಕಾರ ಎಷ್ಟೋ ಸಲ ಬಿದ್ದುಹೋಗಿ ‘ಹಳ್ಳಿ’ ‘ಅಳ್ಳಿ’ಯಾಗುತ್ತದೆ. ಪುಸ್ತಕದಲ್ಲಿ ‘ಹಳ್ಳಿ’ಯನ್ನು ಕಂಡವರು ಒಂದು ಗಳಿಗೆ ತಡವರಿಸುತ್ತಾರೆ. ಕಲಿಸುವವರು ಇದಕ್ಕೆ ನಗಬಾರದು.

ಕನ್ನಡ ಶಾಲೆಗಳ ಮಕ್ಕಳನ್ನು ಪರೀಕ್ಷಿಸಿದ ಸೊನಾಲಿ ನಾಗ್ ಎಂಬ ವಿದ್ವಾಂಸರು 2007ರಲ್ಲಿ ಒಂದು ಸಂಗತಿಯನ್ನು ತಿಳಿಸಿದರು. ನಮ್ಮ ಲಿಪಿಯ ಎಲ್ಲ ಅಕ್ಷರಗಳೂ ಕೈವಶವಾಗಲು ಮಕ್ಕಳಿಗೆ ನಾಲ್ಕನೆಯ ತರಗತಿಯವರೆಗೂ ಕಾಲ ಹಿಡಿಯುತ್ತದೆ. ದಿನವೆಲ್ಲ ಶಾಲೆಯಲ್ಲಿ ಕೂರುವ ಮಕ್ಕಳ ಪಾಡೇ ಹೀಗಿರುವಾಗ, ಹೊಲದಲ್ಲಿ ದುಡಿದು ಬಂದು ರಾತ್ರಿ ಅರ್ಧ ಗಂಟೆ ಕೂರುವವರು ಎರಡು ತಿಂಗಳಿಗೇ "ನನಗೆ ಹತ್ತುವುದಿಲ್ಲ" ಎನ್ನುವುದು ನ್ಯಾಯವೆ?

ಈಗ ಚೆನ್ನಾಗಿ ಓದಬಲ್ಲವರ ಕಣ್ಣು ಏನು ಮಾಡುತ್ತದೆಂದು ನೋಡೋಣ. ಸಾಲಿನ ಮೇಲೆ ಕಣ್ಣು ನೇಗಿಲಿನಂತೆ ಸಮನಾಗಿ ಹರಿಯುತ್ತದೆಂದು ನಾವು ತಿಳಿದಿರುತ್ತೇವೆ. ಹಾಗಲ್ಲವೆಂಬುದು 19ನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನ ಪಂಡಿತರಿಗೆ ತಿಳಿಯಿತು. ಕಣದಲ್ಲಿ ಕಾಳು ಹೆಕ್ಕುವ ಗುಬ್ಬಿಯಂತೆ ಕಣ್ಣು ಕುಪ್ಪಳಿಸುತ್ತದೆ. ಒಂದೊಂದು ಕಡೆ ಸುಮಾರು ಕಾಲು ಸೆಕೆಂಡು ನಿಂತು, ಅಲ್ಲಿಯ ಕೆಲವೇ ಅಕ್ಷರಗಳನ್ನು ಸ್ಪಷ್ಟವಾಗಿ ಹೆಕ್ಕಿಕೊಂಡು ಮುಂದಕ್ಕೆ ಹಾರುತ್ತದೆ. ನಂಬಿಕೆ ಬಾರದಿದ್ದರೆ ನಾಳೆ ಪತ್ರಿಕೆ ಓದುವವರ ಎದುರಿಗೆ ಕುಳಿತು ಅವರ ಕಣ್ಣುಗುಡ್ಡೆಯನ್ನು ಗಮನಿಸಿ.

1886ರಲ್ಲಿ ಕ್ಯಾಟೆಲ್ ಎಂಬ ಅಮೆರಿಕದ ವಿದ್ವಾಂಸರು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮಾಡಿದ ಪರೀಕ್ಷೆಗಳನ್ನು ಪ್ರಕಟಿಸಿದರು. ಓದು ಬಲ್ಲವರು ಒಂದು ಬಿಡಿ ಅಕ್ಷರವನ್ನು ಗುರುತಿಸುವಷ್ಟೇ ಬೇಗ ಒಂದು ಇಡೀ ಚಿಕ್ಕ ಮಾತನ್ನು ಗುರುತಿಸುತ್ತಾರೆಂದು ಅವು ತೋರಿಸಿದುವು. ಇದನ್ನು ಕಂಡು ಕೆಲವು ದೇಶಗಳ ಉಪಾಧ್ಯಾಯರು, "ಹಾಗಾದರೆ ಅಕ್ಷರವೇಕೆ? ಮಾತನ್ನೇ ಚಿತ್ರದಂತೆ ಕಲಿಸೋಣ" ಎಂದು ಹೊರಟರು. ನೀಲಿ ಮುಚ್ಚಳ ತೋರಿಸಿದ ನನ್ನ ಬುದ್ಧಿಯೂ ಅಂಥದೇ.

1969ರಲ್ಲಿ ಅಮೆರಿಕದಲ್ಲಿ ರೀಷರ್ ಎಂಬವರು ಇನ್ನೊಂದು ಪರೀಕ್ಷೆಯನ್ನು ಪ್ರಕಟಿಸಿದರು. ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತೂ ಇಲ್ಲದಂತೆ ಒಂದು ಮಾತನ್ನೋ ಒಂದು ಬಿಡಿ ಅಕ್ಷರವನ್ನೋ ತೋರಿಸಿ, "ಇಲ್ಲಿದ್ದ ಅಕ್ಷರ ಇದೋ, ಅದೋ?" ಎಂದು ಕೇಳಿದರು. ಒಂಟಿಯಾಗಿ ನಿಂತ ಅಕ್ಷರಕ್ಕಿಂತ ಮಾತಿನೊಳಗೆ ಕುಳಿತ ಅಕ್ಷರವನ್ನೇ ಜನ ಹೆಚ್ಚು ಸರಿಯಾಗಿ ಹೇಳಿದರು. ಮಾತಿನ ಆಕಾರ ಮಾತ್ರ ಕಣ್ಣಿಗೆ ಬಿದ್ದಿದ್ದರೆ ಒಳಗಿನ ಅಕ್ಷರ ಇಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ. ಬಲ್ಲವರು ಅಕ್ಷರಗಳನ್ನು ಬಿಟ್ಟು ಓದುವುದಿಲ್ಲ. ಎಲ್ಲ ಅಕ್ಷರಗಳನ್ನೂ ಒಟ್ಟಿಗೆ ಹಿಡಿಯುತ್ತಾರೆ, ಒಂದಕ್ಕೊಂದು ಆಸರೆಯಾಗುತ್ತವೆ. ಹತ್ತು ಮಂದಿ ಸೇರಿ ಕಲ್ಲು ಎತ್ತುವಂತೆ ಇದು. ನೋಡುವವರಿಗೆ ಕಲ್ಲು ತಾನೇ ಎದ್ದಂತೆ ಕಾಣುತ್ತದೆ. ಕೈ ಹಾಕಿದವರು ಹತ್ತು ಮಂದಿಯೂ ಹೌದು. ಮಳೆಯಲ್ಲಿ ನೆಂದು ಗೊಬ್ಬರದ ಚೀಲದ ಮೇಲಿನ ‘ಬ್ಬ’ ಅರ್ಧ ಅಳಿಸಿದ್ದರೂ ‘ಗೊ’ ಮತ್ತು ‘ರ’ ಅದನ್ನು ಹಿಡಿದುಕೊಡುತ್ತವೆ.

ಇದರಿಂದ ನಮಗೆ ತಿಳಿಯುವುದಿಷ್ಟು. ಬೇಗ ಓದುವುದು ಫಲ, ಅಕ್ಷರ ಬಿಡಿಸಿ ಓದುವುದು ಬೇರು. ಬೇರಿಲ್ಲದೆ ಫಲ ಕೀಳಲು ಹೋದರೆ ಕೀಟನಾಶಕಕ್ಕೆ ಬದಲು ಕಳೆನಾಶಕ ಕೈಗೆ ಬರುತ್ತದೆ.

"ಮಕ್ಕಳಾದರೆ ಕಲಿಯುತ್ತಾರೆ. ಒಣಗಿದ ಕೊಂಬೆ ಬಗ್ಗುತ್ತದೆಯೆ?" ಎಂದು ಹಿರಿಯರು ಕೇಳುವುದುಂಟು. ಇದಕ್ಕೂ ಉತ್ತರವಿದೆ. 2010ರಲ್ಲಿ ಫ್ರಾನ್ಸಿನ ಡೆಹಾನ್ ಎಂಬ ವಿಜ್ಞಾನಿಯೂ ಅವರ ಜೊತೆಯವರೂ ಬ್ರೆಜಿಲ್ ಮತ್ತು ಪೋರ್ಚುಗಲ್ ದೇಶಗಳ 63 ಮಂದಿ ವಯಸ್ಕರ ಮೆದುಳಿನ ಕೆಲಸವನ್ನು ಯಂತ್ರದಿಂದ ಪರೀಕ್ಷಿಸಿದ ವಿವರವನ್ನು ಪ್ರಕಟಿಸಿದರು. 31 ಮಂದಿ ಬಾಲ್ಯದಲ್ಲಿ ಓದು ಕಲಿತವರು, 22 ಮಂದಿ ದೊಡ್ಡವರಾದ ಮೇಲೆ ಕಲಿತವರು, 10 ಮಂದಿ ಕಲಿಯದವರು. ಓದು ಬಲ್ಲವರ ಮೆದುಳಿನ ಎಡಭಾಗದಲ್ಲಿ, ಹಿಂದುಗಡೆ ಕೆಳಕ್ಕೆ, ಒಂದು ಜಾಗ ಅಕ್ಷರಗಳನ್ನು ಕಂಡೊಡನೆ ಚುರುಕಾಗುತ್ತದೆ. ದೊಡ್ಡವರಾದ ಮೇಲೆ ಕಲಿತವರಲ್ಲಿಯೂ ಆ ಜಾಗ ಹೀಗೆಯೇ ಎಚ್ಚೆತ್ತುಕೊಂಡಿತ್ತು. ಅಷ್ಟು ದೂರವೇಕೆ? ನಮ್ಮ ದೇಶದಲ್ಲಿಯೇ ಲಖನೌ ಕಡೆಯ ಹಳ್ಳಿಗಳಲ್ಲಿ ಓದು ಬಾರದ ವಯಸ್ಕರಿಗೆ ಆರು ತಿಂಗಳು ದೇವನಾಗರಿ ಅಕ್ಷರ ಕಲಿಸಿ ನೋಡಿದರು. ಅವರು ಒಂದನೆಯ ತರಗತಿಯ ಮಗುವಿನಷ್ಟು ಓದಬಲ್ಲವರಾದರು, ಮೆದುಳಿನಲ್ಲಿಯೂ ಬದಲಾವಣೆ ಕಂಡುಬಂದಿತು ಎಂದು 2017ರಲ್ಲಿ ಪ್ರಕಟವಾಯಿತು. ಆರು ತಿಂಗಳೆಂದರೆ ನಮಗೆ ಒಂದು ರಾಗಿ ಬೆಳೆ, ಅದರ ಮೇಲೆ ಸ್ವಲ್ಪ.

ಇನ್ನು ಕಲಿಯುವ ಕ್ರಮ. ರಾತ್ರಿ ತರಗತಿಗಳಲ್ಲಿ ಕುಳಿತು ಕಂಡುಕೊಂಡದ್ದನ್ನು ಹೇಳುತ್ತೇನೆ.

ಮೊದಲನೆಯದಾಗಿ, ಕಿವಿಯಿಂದ ಪ್ರಾರಂಭ ಮಾಡಿ. ಒಂದು ಮಾತನ್ನು ಚಪ್ಪಾಳೆ ತಟ್ಟಿ ಬಿಡಿಸಿ ಹೇಳಿ: ಗೊ–ಬ್ಬ–ರ, ಮೂರು ಚಪ್ಪಾಳೆ. ಸೋಬಾನೆ ಹಾಡುವ ತಾಯಂದಿರಿಗೆ, ಕೋಲಾಟ ಆಡುವವರಿಗೆ ಇದು ಒಂದು ದಿನದ ಕೆಲಸ.

ಎರಡನೆಯದಾಗಿ, ವಾರಕ್ಕೆ ನಾಲ್ಕೈದು ಅಕ್ಷರ ಸಾಕು. ಆದರೆ ಆ ವಾರದ ಅಕ್ಷರಗಳಿಂದ ಆಗುವ ಮಾತುಗಳನ್ನೆಲ್ಲ ಅದೇ ವಾರ ಓದಿ. ಮಾತಾಗದ ಅಕ್ಷರ ನೆಲಕ್ಕೆ ಬೀಳದ ಬೀಜದಂತೆ.

ಮೂರನೆಯದಾಗಿ, ಒಂದನ್ನೊಂದು ಹೋಲುವ ಅಕ್ಷರಗಳನ್ನು ಜೋಡಿ ಮಾಡಿ ನೋಡಿ: ವ–ಮ, ಬ–ಭ, ದ–ಧ, ಎ–ಏ. ವ್ಯತ್ಯಾಸ ಎಲ್ಲಿದೆಯೋ ಅಲ್ಲಿ ಬೆರಳಿಟ್ಟು ತೋರಿಸಿ. ಆಮೇಲೆ ಮರಳಿನ ಮೇಲೆ ತಿದ್ದಿ. ನಮ್ಮ ಹಿರಿಯರು ಮರಳಿನ ಮೇಲೆ ತಿದ್ದಿಸುತ್ತಿದ್ದುದು ಸುಮ್ಮನಲ್ಲ. ಬೆರಳು ತಿರುಗಿದ ದಾರಿಯನ್ನು ಕಣ್ಣು ಮರೆಯುವುದಿಲ್ಲ.

ನಾಲ್ಕನೆಯದಾಗಿ, ಊಹೆ ಮಾಡಬೇಡಿ. ಮಾತಿನ ತಲೆ ಬಾಲ ನೋಡಿ ಹೇಳಿಬಿಡುವ ಚಪಲ ಅರ್ಧ ಕಲಿತವರಿಗೆ ಹೆಚ್ಚು. ನಡುವಿನ ಅಕ್ಷರಕ್ಕೆ ಬೆರಳಿಟ್ಟು ಗಟ್ಟಿಯಾಗಿ ಓದಿ. ಬೆರಳಿಡುವುದು ನಾಚಿಕೆಯಲ್ಲ. ಕಣ್ಣು ಪಳಗಿದ ಮೇಲೆ ಬೆರಳು ತಾನಾಗಿಯೇ ಬಿಟ್ಟುಹೋಗುತ್ತದೆ.

ಐದನೆಯದಾಗಿ, ಒಂದೇ ಪಾಠವನ್ನು ಮೂರು ನಾಲ್ಕು ಸಲ ಓದಿ. ಮೊದಲ ಸಲ ಅಕ್ಷರ, ಎರಡನೆಯ ಸಲ ಮಾತು, ಮೂರನೆಯ ಸಲ ಅರ್ಥ. ಪ್ರತಿ ಅಕ್ಷರಕ್ಕೂ ಎಡವುತ್ತಿರುವವರಿಗೆ ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಮೊದಲು ಮರೆತಿರುತ್ತದೆ. ಅರ್ಥ ಹಿಡಿಯಲು ಮನಸ್ಸಿಗೆ ಬಿಡುವೇ ಇರುವುದಿಲ್ಲ. ಓದು ಸಲೀಸಾದಷ್ಟೂ ಅರ್ಥ ಸಲೀಸು.

ಕೊನೆಯದಾಗಿ, ಕಲಿತದ್ದನ್ನು ಬಳಸಿ. ಬಳಸದ ಕುಡುಗೋಲಿಗೆ ತುಕ್ಕು ಹಿಡಿಯುತ್ತದೆ. ಆ ಯಜಮಾನರೂ ಹಿಂದೆ ಒಮ್ಮೆ ರಾತ್ರಿ ಶಾಲೆಗೆ ಹೋಗಿದ್ದವರೇ. ಆಮೇಲೆ ಓದಲು ಏನೂ ಸಿಗದೆ ಕಲಿತದ್ದು ಅರ್ಧ ಅಳಿಸಿಹೋಗಿತ್ತು. ಪಹಣಿ, ಬೆಳೆ ಸಾಲದ ಕಾಗದ, ಕರೆಂಟಿನ ಬಿಲ್ಲು, ಮಗುವಿನ ಔಷಧಿಯ ಚೀಟಿ, ಬಸ್ಸಿನ ಹಲಗೆ, ಎಲ್ಲವೂ ನಮ್ಮ ಪಠ್ಯಪುಸ್ತಕ. ಊರ ಮುಂದಿನ ಗೋಡೆಗೆ ಕಪ್ಪು ಬಳಿದು ಯುವಕ ಮಿತ್ರರು ಪ್ರತಿದಿನ ಮಾರುಕಟ್ಟೆಯ ದರ ಬರೆದಿಡಲಿ. ದರ ಓದುವುದಕ್ಕೆ ಯಾರನ್ನೂ ಬಲವಂತ ಮಾಡಬೇಕಾಗುವುದಿಲ್ಲ.

ಇದರಲ್ಲಿ ನನ್ನ ಪಾಲಿನ ಕೆಲಸವೂ ಇದೆ. ಆ ದಿನದಿಂದ ನಾನು ಬಣ್ಣ ಹೇಳಿ ಔಷಧಿ ತಿಳಿಸುವುದನ್ನು ಬಿಟ್ಟಿದ್ದೇನೆ. ಚೀಟಿಯ ಮೇಲೆ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟು, ಒಂದೊಂದು ಅಕ್ಷರವನ್ನೂ ಅವರಿಂದಲೇ ಹೇಳಿಸಿ ಕಳುಹಿಸುತ್ತೇನೆ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಕಳೆಯ ಔಷಧಿ ಹೊಡೆದ ಸ್ಪ್ರೇಯರನ್ನು ಹತ್ತಿಗೆ ಬಳಸಬೇಡಿ, ಬೇರೆಯದನ್ನೇ ಇಟ್ಟುಕೊಳ್ಳಿ ಎಂಬುದನ್ನೂ ಇದೇ ಸಂದರ್ಭದಲ್ಲಿ ಹೇಳಿಬಿಡುತ್ತೇನೆ. ಅದರ ಲೇಶ ಉಳಿದಿದ್ದರೂ ಹತ್ತಿಗೆ ಕೇಡು.

ಆ ಯಜಮಾನರು ಕಳೆದ ಮಳೆಗಾಲದಲ್ಲಿ ನನಗೆ ಅಂಗಡಿಯ ಮುಂದೆ ಸಿಕ್ಕಿದರು. ಬಾಟಲಿಯನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು, ನಾಲ್ಕು ಜನರಿಗೆ ಕೇಳುವಂತೆ "ಕೀ… ಟ… ಕೀಟ… ನಾಶಕ" ಎಂದು ಓದುತ್ತಿದ್ದರು. ಅಂಗಡಿಯವರು, "ಹೊತ್ತಾಯಿತು ಯಜಮಾನರೆ, ಅದೇ ಔಷಧಿ, ತಗೊಳ್ಳಿ" ಎಂದರು. ಅವರು ತಲೆಯೆತ್ತದೆ, "ತಡೀರಿ, ಇನ್ನೊಂದು ಸಾಲು ಐತೆ" ಎಂದರು.

ನಾಳೆ ರಾತ್ರಿ ಎಂಟು ಗಂಟೆಗೆ ಇದೇ ಕಟ್ಟೆಯ ಮೇಲೆ ದೀಪ ಹಚ್ಚುತ್ತೇವೆ. ಓದು ಬಲ್ಲ ಒಬ್ಬೊಬ್ಬರು ಓದು ಬಾರದ ಒಬ್ಬೊಬ್ಬರನ್ನು ಜೊತೆಗೆ ಕರೆತರಬೇಕೆಂದು ಬೇಡುತ್ತೇನೆ. ಶಾಲೆಗೆ ಹೋಗುವ ಮಕ್ಕಳು ಅಜ್ಜಿ ತಾತಂದಿರನ್ನು ಕರೆತಂದರೆ ಇನ್ನೂ ಸಂತೋಷ. ಹಲಗೆ, ಬಳಪ, ಮರಳು ಸಿದ್ಧವಾಗಿವೆ.